ಗಾಜಿನ ಗೋಡೆಯ ಬಸದಿ

ಖಾನಾಪುರ

ಚಿ. ತ್ರಿಶಲಾಳಿಗೆ ಜಯ ಜಿನೇಂದ್ರ.

ಶಹಾಪುರದ ಮನೆಯಲ್ಲಿ ನಿನ್ನ ಅವ್ವ ಸುಲೋಚನಾ ವಹಿನಿಯ ಮೊಣಕಾಲು ಈಗ ಹೇಗಿದೆ? ನಿನ್ನ ತಮ್ಮ ವಿನೀತನ ಕೆಮ್ಮು ಇಳಿಯಿತೇ? ನಾನೂ ನಿನ್ನ ರತ್ನಮಾಲಾ ಕಾಕಿಯೂ ಆರಾಮ ಇದ್ದೇವೆ. ಆದರೆ ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಹೊಲದಂಚಿಗೆ, ಕಾಡಿಗೆ ಮುಖ ಮಾಡಿ ನೀನು ನಕ್ಷೆ ಬರೆದು ಕಟ್ಟಿಸಿದ ಪುಟ್ಟ ಬಸದಿಯ ಗಾಜಿನ ಗೋಡೆಗೆ ಹಕ್ಕಿಗಳು ಬಡಿದು ಸಾಯುತ್ತಿವೆ. ಗಾಜಿನಲ್ಲಿ ಕಾಣುವ ಮರವನ್ನು ಖರೇ ಮರವೆಂದು ತಿಳಿದು ಹಾರಿ ಬರುತ್ತವೆ. ಈ ತಿಂಗಳು ಒಂಬತ್ತನ್ನು ಹೂಳಿದೆ.

ಕಟ್ಟಡದ ಕೆಲಸ ನೋಡಿಕೊಂಡ ವಿನೀತನಿಗೆ ಫೋನ್ ಮಾಡಿದರೆ, "ಸ್ವಲ್ಪ ದಿನ ತಡೀರಿ ಕಾಕಾ, ಹಕ್ಕಿಗೂ ರೂಢಿ ಆಕ್ಕತಿ" ಎಂದು ನಕ್ಕ.

"ಸತ್ತ ಹಕ್ಕಿಗೆ ಎಂಥಾ ರೂಢಿಲೇ?" ಎಂದೆ. ಇರುವೆ ಕಂಡರೆ ಬಾಜು ಸರಿದು ನಡೆಯಲು ನಿಮಗೆ ಕಲಿಸಿದ ಮನೆ ಇದು!

ನನ್ನ ಮೇಲೂ ಸಿಟ್ಟಿದೆ. ದೇವರ ಸೇವೆಯೆಂದು ದಿನಾ ಬೆಳಗ್ಗೆ ಆ ಗಾಜನ್ನು ಫಳಫಳ ಒರೆಸಿದವನು ನಾನೇ. ಒರೆಸಿದಷ್ಟೂ ಮರ ಸ್ಪಷ್ಟವಾಗಿ ಕಂಡು ಇನ್ನಷ್ಟು ಹಕ್ಕಿ ಸತ್ತವು. ಮೊನ್ನೆ ಒಂದು ನನ್ನ ಅಂಗೈಯಲ್ಲೇ ಪ್ರಾಣ ಬಿಟ್ಟ ಮೇಲೆ ಇದು ತಿಳಿಯಿತು. ಅಂದೇ ಗಾಜಿಗೆಲ್ಲ ಕೆಸರು ಬಳಿದೆ. "ಹೊಸಾ ಬಸದಿಗೆ ಯಾರರ ಕೆಸರ ಬಳೀತಾರೇನ್ರಿ?" ಎಂದು ಬೈದ ಕಾಕಿಯೇ ಆಮೇಲೆ ಬಕೆಟ್ ಹಿಡಿದು ನಿಂತಳು.

ಗಾಜು ತೆಗೆಸಿ ಗಾಳಿಯಾಡುವ ಇಟ್ಟಿಗೆಯ ಜಾಲಂದ್ರ ಕಟ್ಟಿಸು. ಅಲ್ಲಿಯವರೆಗೆ ಪ್ರತಿಷ್ಠಾಪನೆ ಆಗಬೇಕಾದ ಮೂರ್ತಿ ಒಳಗೆ ಬರುವುದಿಲ್ಲ. ಬೇಗ ಉತ್ತರ ಬರಿ ಮಗಳೇ. ಸಮಾಧಾನದ ಮಾತು ಬೇಡ, ಗೋಡೆ ಕಟ್ಟುವ ಗೌಂಡಿಗಳು ಬರುವ ತಾರೀಖು ಬರಿ.

ನಿನ್ನ
ಧನ್ಯಕುಮಾರ ಕಾಕಾ