ರಜೆ ಕೊಡುವ ಯಜಮಾನ ಯಾರು?

ಬಂಬಾರಿ, ಮಧ್ಯ ಆಫ್ರಿಕಾ
೧೪ ಆಗಸ್ಟ್ ೨೦೨೨, ಭಾನುವಾರ

ಮಗ ಎವರಿಸ್ತ್‌ಗೆ,

ಮೈ ಹೇಗಿದೆ? ಬಿರಾವೊ ದಂಡಿನ ಶಿಬಿರದ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆ ಎಂದಿದ್ದೆ ನೀನು, ನಿಂತಿತೇ? ರಷ್ಯದವರು ಹೊಟ್ಟೆಗೆ ಹಾಕುತ್ತಾರೋ, ಬರೀ ಕವಾಯತು ಮಾಡಿಸುತ್ತಾರೋ? ಮಂಡಿ ಒಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನ ಅಕ್ಷರ, ನಗದೆ ಓದು.

ನಿನ್ನ ಅವ್ವ ಹೋಗಿ ಈ ತಿಂಗಳಿಗೆ ವರ್ಷ ತುಂಬಿತು. ಹಿರಿಮಗ ಬಂದು ಶೋಕದ ಈ ಕಪ್ಪಂಗಿ ಬಿಚ್ಚಿಸುವ ತನಕ ನಮ್ಮ ಮನೆತನದಲ್ಲಿ ಗಂಡನಾದವನು ಯಾರ ತಟ್ಟೆಗೂ ಕೈ ಹಾಕುವಂತಿಲ್ಲ. ಗೊತ್ತಿದ್ದೂ ನೀನು ಎರಡು ತಿಂಗಳಿಂದ ಒಂದು ಸಾಲು ಬರೆದಿಲ್ಲ, ಕತ್ತೆ. ಎಲ್ಲರೂ ಚಾಪೆಯ ಮೇಲೆ ಒಂದೇ ಬೋಗುಣಿಯಿಂದ ಮರಗೆಣಸಿನ ಮುದ್ದೆ ಮುರಿಯುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತೇನೆ. ಇದು ಕಂಬಳಿಹುಳು ಆರಿಸಿ ತಂದು ಉಣ್ಣುವ ಕಾಲ. ನಿನ್ನ ತಂಗಿ ಕ್ಲಾರಿಸ್ ಶೇಂಗಾ ಅರೆದು ಹಾಕಿ ಅದರ ಸಾರು ಚೆನ್ನಾಗಿಯೇ ಮಾಡುತ್ತಾಳೆ. ಕೊನೆಯ ತುತ್ತಿಗೆ ಜಗಳವಾಡಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ರುಚಿ ಎಲ್ಲಿಂದ ಬರಬೇಕು?

ಅದಕ್ಕೇ ನಿನಗೆ ರಜೆ ಕೇಳಲು ಮಂಗಳವಾರ ಹುಂಜ ಹಿಡಿದು ಇಲ್ಲಿನ ದಂಡಿನ ಕಚೇರಿಗೆ ಹೋದೆ. ಬಾಗಿಲಲ್ಲಿ ಕಾವಲಿದ್ದವನು ನಮ್ಮ ಕಮ್ಮಾರನ ಮೊಮ್ಮಗ. "ತಾತಾ, ಹುಂಜಾನೂ ಸೈನ್ಯಕ್ಕೆ ಸೇರ್ಸಕ್ ಬಂದ್ಯಾ?" ಎಂದ. "ನಿನ್ನಂಥೋನ್ನ ತಗೊಂಡೋರು ಇದನ್ನ ಬಿಡ್ತಾರೇನೋ?" ಎಂದೆ. ಒಳಗೆ ರಷ್ಯದವನೊಬ್ಬ ಕುರ್ಚಿಯಲ್ಲಿ ಕೂತಿದ್ದ, ನಮ್ಮ ಕ್ಯಾಪ್ಟನ್ ಪಕ್ಕದಲ್ಲಿ ನಿಂತಿದ್ದ. ಕುರ್ಚಿಯಲ್ಲಿ ಕೂತವನೇ ಮನೆಯ ಯಜಮಾನ, ಕಾಣಿಕೆ ಅವನ ಕೈಗೆ. ನಾನು ಕಲಿತ ರೂಢಿ ಅದು. ಹುಂಜ ಅವನಿಗೆ ಕೊಟ್ಟೆ. ಅವನು ಅದರ ಜುಟ್ಟು ಸವರಿ ನಕ್ಕು, "ನಾವು ಕಲ್ಸಕ್ ಬಂದಿರೋ ನೆಂಟ್ರು. ರಜೆ ಗಿಜೆ ಎಲ್ಲಾ ನಿಮ್ ಸರ್ಕಾರದ್ದು" ಎಂದು ದುಭಾಷಿಯಿಂದ ಹೇಳಿಸಿದ. ಕ್ಯಾಪ್ಟನ್ ಮುಖ ಗಂಟಿಕ್ಕಿದ. "ಹುಂಜ ಯಾರಿಗ್ ಕೊಟ್ಯೋ ರಜೇನೂ ಅವನ್ನೇ ಕೇಳ್ಕೋ, ಯಜಮಾನ" ಎಂದ. ಹುಂಜವೂ ಹೋಯಿತು, ರಜೆಯೂ ಇಲ್ಲ.

ಮೊದಲು ಫ್ರಾನ್ಸಿನವರಿದ್ದರು, ಈಗ ಇವರು. ಇವರು ಬಂದ ಮೇಲೆ ನಮ್ಮ ರಸ್ತೆ ತೆರೆದಿದೆ, ಸಂತೆ ನಡೆಯುತ್ತಿದೆ, ಸುಳ್ಳು ಹೇಳಲಾರೆ. ಆದರೆ ನನ್ನ ಮಗ ಯಾರ ಆಳು ಎಂದರೆ ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಾನೆ.

ದೇವರು ನಿನ್ನ ತಲೆ ಕಾಯಲಿ. ಕ್ಲಾರಿಸ್ ನಿನ್ನನ್ನು ಕೇಳಿದ್ದಾಳೆ.

ನಿನ್ನ ಅಪ್ಪ,
ಗ್ರೆಪಾಯೋ

ಮತ್ತೆ: ಕ್ಲಾರಿಸ್ ಈಗಷ್ಟೇ ಬಾಯಿಬಿಟ್ಟಳು. ಹೇಳದೆ ಕೇಳದೆ ಓಡಿ ಬರುತ್ತೇನೆ ಎಂದು ಲಾರಿಯವನ ಕೈಲಿ ಹೇಳಿ ಕಳಿಸಿದ್ದೀಯಂತೆ. ಬರಬೇಡ. ಹಾಗೆ ದಂಡು ಬಿಟ್ಟು ಹೊರಟ, ಬಡಗಿ ಝುಮಾರನ ಮಗ ಮೂರು ತಿಂಗಳಾದರೂ ಮನೆ ಮುಟ್ಟಿಲ್ಲ. ನಮ್ಮವರೂ ಕಾಣೆವು ಎನ್ನುತ್ತಾರೆ, ರಷ್ಯದವರೂ ಕಾಣೆವು ಎನ್ನುತ್ತಾರೆ. ತಾನು ಕಪ್ಪು ತೊಡಬೇಕೋ ಬೇಡವೋ ಎಂದು ಝುಮಾರ ನನ್ನನ್ನು ಕೇಳಲು ಬಂದಿದ್ದ. ನೀನು ಅಲ್ಲೇ ಇರು. ನಾನು ಒಬ್ಬನೇ ಉಂಡೇನು.