ಕೆನ್ನೆಯ ಮೇಲಿನ ಮೆಟ್ಟಿಲುಗಳು

ಪ್ರೀತಿಯ ಅಪಾ,

ನಾವು ಬಿಶ್ಕೆಕ್‌ಗೆ ಬಂದು ಸೇರಿದ್ದನ್ನು ನಿಮ್ಮ ಮಗ ಫೋನಿನಲ್ಲಿ ತಿಳಿಸಿದ್ದಾರೆ. ಕಣಿವೆಯಲ್ಲಿ ಹಿಮ ಬಿದ್ದಿದ್ದರಿಂದ ತಡವಾಯಿತು, ಅಷ್ಟೇ. ನಾನು ಬರೆಯಹೊರಟಿರುವುದು ಬೇರೆ. ನಿಮ್ಮೆದುರು ಇರುವಾಗ ನಾನು ಬಾಗಿಲ ಬಳಿ ಸಮೋವಾರಿನ ಹಿಂದೆ ಕೂತು ಚಹಾ ಬಗ್ಗಿಸುವ ಸೊಸೆ, "ಇನ್ನೊಂದು ಬಟ್ಟಲು ಹಾಕಲೇ ಅಪಾ?" ಎನ್ನುವುದಕ್ಕಿಂತ ಉದ್ದದ ಮಾತು ಬಾಯಿಗೆ ಬರುವುದಿಲ್ಲ. ಫೋನಿನಲ್ಲಿ ನೀವು ಬೆಟ್ಟದಾಚೆಯವರನ್ನು ಕರೆಯುವಂತೆ ಕೂಗುತ್ತೀರಿ, ನಾನೂ ಕೂಗಬೇಕಾಗುತ್ತದೆ. ಕೂಗಿ ಹೇಳುವ ವಿಷಯವಲ್ಲ ಇದು.

ನನ್ನ ಮಾವ ಅತಾ ತೀರಿಹೋದ ಮೇಲೆ ಅವರು ನಡೆದಾಡುವ ಚಿತ್ರ ಎಂದು ಉಳಿದದ್ದು ನಮ್ಮ ಮದುವೆಯ ಟೇಪು ಒಂದೇ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಯಾರೋ ನೆಂಟರು ಹಿಡಿದದ್ದು. ಗಾಳಿಯ ಸದ್ದಿಗೆ ಮಾತೇ ಕೇಳುವುದಿಲ್ಲ. ಆ ದಿನ ನಾನು ಬಿಳಿ ಪರದೆಯ ಹಿಂದೆ ತಲೆ ಬಗ್ಗಿಸಿ ಕೂತಿದ್ದೆ, ಹಾಗಾಗಿ ನನ್ನ ಮದುವೆಯ ಟೇಪಿನಲ್ಲಿ ನಾನೇ ಇಲ್ಲ. ಅತಾ ಇದ್ದಾರೆ. ಕುದುರೆಯಿಂದ ಇಳಿದು, ಡೇರೆಯ ಬಾಗಿಲಲ್ಲಿ ಬಗ್ಗಿ, ಒಳಗೆ ಬಂದು ಸೂರಿನ ಕಡೆ ನೋಡುತ್ತಾರೆ, ಆಮೇಲೆ ಕ್ಯಾಮೆರಾದ ಪಕ್ಕಕ್ಕೆ ಯಾರನ್ನೋ ನೋಡಿ ನಗುತ್ತಾರೆ. ಅಲ್ಲಿಗೆ ಮುಗಿಯಿತು.

ಅವರು ಹೋಗಿ ವರ್ಷ ತುಂಬುವಾಗಿನ ಆಶ್ ಊಟಕ್ಕೆ ಬರುವ ನೆಂಟರಿಗೆ ಅದನ್ನು ತೋರಿಸಬೇಕೆಂದು ನೀವೇ ಹೇಳಿದಿರಿ. ಮೈದುನ ಕುಬಾತ್ ಬಜಾರಿನ ಅಂಗಡಿಯಲ್ಲಿ ಟೇಪನ್ನು ಪೆನ್‌ಡ್ರೈವಿಗೆ ಹಾಕಿಸಿ, ಗೋಡೆಯಷ್ಟು ದೊಡ್ಡ ಟಿವಿಯನ್ನೂ ತಂದ. ಅಂಗಡಿಯವರು ಚೌಕದ ಹಳೆಯ ಚಿತ್ರವನ್ನು ಎರಡೂ ಕಡೆಗೆ ಎಳೆದು ಅಗಲದ ಪರದೆಯನ್ನು ತುಂಬಿಸಿದ್ದರು. ನಾನು ಕೇಳಿದರೆ ಕುಬಾತ್ ತನ್ನ ಅತ್ತಿಗೆಯನ್ನು ನೋಡಿ ನಕ್ಕ: "ಜೆಂಗೆ, ಪೂರ್ತಿ ಟಿವಿ ತಂದಿದ್ದೀವಿ, ಅರ್ಧದಲ್ಲಿ ಯಾಕೆ ನೋಡ್ಬೇಕು? ಈ ಊರಲ್ಲಿ ಎಲ್ಲರ ಮನೇಲೂ ಹೀಗೇ. ಸತ್ತವರು ಬದುಕಿದವರು ಎಲ್ಲ ದಪ್ಪಗೆ, ಚೆನ್ನಾಗಿದ್ದಾರೆ!"

ಆಶ್‌ಗೆ ಇನ್ನೂ ದಿನವಿದ್ದಾಗಲೇ ಮನೆಯವರೆಲ್ಲ ಕೂತು ನೋಡಿದೆವು, ನಿಮಗೂ ಅದು ಇಷ್ಟವಾಗಿತ್ತು. "ನೋಡು, ಮೈ ಹೇಗೆ ತುಂಬಿಕೊಂಡಿದೆ. ಆ ಬೇಸಿಗೇಲಿ ಕುದುರೆ ಹಾಲಿನ ಕುಮಿಸ್ ಚೆನ್ನಾಗಿ ಕುಡಿದಿದ್ರು" ಎಂದು ಎಲ್ಲರಿಗೂ ತೋರಿಸಿದಿರಿ. ಪಕ್ಕದಲ್ಲಿ ಅತಾ ಅವರ ತಂಗಿ ಬುರುಲ್ ಎಜೆ ಕೂತಿದ್ದರು. ತಮ್ಮ ಅಣ್ಣ ಕೊನೆಗೆ ಬಡಕಲಾದದ್ದಕ್ಕೆ ನಿಮ್ಮ ಅಡುಗೆಮನೆಯನ್ನೇ ದೂರುವ ಅವರ ಬಾಯಿ ನಿಮಗೆ ಗೊತ್ತು. "ಮನೆ ತುಂಬ ಕುರಿ ಇದ್ವು ನಮ್ಮಣ್ಣಂಗೆ. ಮಾಂಸ ಯಾರ ಹೊಟ್ಟೆಗೆ ಹೋಗ್ತಿತ್ತೋ" ಎಂದರು. ನೀವು ಟಿವಿಯ ಕಡೆ ಬೆರಳು ತೋರಿಸಿದಿರಿ, ಅಷ್ಟೇ.

ಆ ದಿನ ಹಿಟ್ಟು ನಾದುತ್ತಾ ನೀವು ನನಗೊಂದು ಮಾತು ಹೇಳಿದಿರಿ. "ಕಣ್ಣು ಮುಚ್ಚಿದ್ರೆ ಕಾಯಿಲೆ ಹಾಸಿಗೆ ಮೇಲಿನ ಮುಖಾನೇ ಬರುತ್ತೆ ಕಣೇ ಜಿಪಾರ್. ಕೆನ್ನೆ ಒಳಗೆ ಹೋಗಿ, ಕಲೆ ಬಿದ್ದು... ಅದಕ್ಕೂ ಮುಂಚಿನ ಮುಖ ಎಲ್ಲಿ ಹೋಯ್ತೋ, ಎಷ್ಟು ಕರೆದ್ರೂ ಬರಲ್ಲ." ನೀವು ಅತ್ತದ್ದನ್ನು ನಾನು ನೋಡಿದ್ದೇನೆ, ಆದರೆ ಅವತ್ತು ಅಳದೆ, ಕಳೆದುಹೋದ ಪಾತ್ರೆಯ ವಿಷಯ ಹೇಳುವವರ ಹಾಗೆ ಹೇಳಿದಿರಿ. ಅದೇ ನನಗೆ ಹೆಚ್ಚು ತಾಕಿತು. ಆ ಮುಖವನ್ನು ನಿಮಗೆ ಹೇಗಾದರೂ ಹುಡುಕಿಕೊಡಬೇಕು ಎಂದುಕೊಂಡೆ. ಹುಡುಕಿಕೊಡಲು ನಾನು ಯಾರು ಎಂದು ಆಗ ಕೇಳಿಕೊಳ್ಳಲಿಲ್ಲ.

ಟೇಪಿನ ಪ್ರತಿ ಹಿಡಿದುಕೊಂಡು ಬಿಶ್ಕೆಕ್‌ಗೆ ಬಂದೆ. ಎಷ್ಟು ಎಳೆದಿದ್ದಾರೆಂದು ತಿಳಿಯಲು ಅಳತೆಗೋಲು ಬೇಕಾಗಲಿಲ್ಲ, ಅತಾ ತಲೆಯೆತ್ತಿ ನೋಡುವಲ್ಲೇ ಡೇರೆಯ ತುಂದುಕ್ ಕಾಣುತ್ತದೆ. ಸೂರಿನ ನಡುವಿನ ಆ ಮರದ ಬಳೆಯನ್ನು ದುಂಡಗಲ್ಲದೆ ಯಾರೂ ಮಾಡುವುದಿಲ್ಲವಲ್ಲ. ಟಿವಿಯಲ್ಲಿ ಅದು ಕೋಳಿಮೊಟ್ಟೆಯಾಗಿತ್ತು. ಬಳೆ ದುಂಡಗಾಗುವ ತನಕ ಕಂಪ್ಯೂಟರಿನಲ್ಲಿ ಚಿತ್ರವನ್ನು ಎರಡೂ ಕಡೆಯಿಂದ ಒಳಕ್ಕೆ ತಂದೆ. ದುಂಡಗಾಯಿತು. ಅತಾ ಸಣ್ಣಗಾದರು.

ಮುಂದಿನ ಸಲ ಬಂದಾಗ ಸಂಭ್ರಮದಿಂದ ಹಾಕಿದೆ. ನೀವು ಒಂದು ಗಳಿಗೆ ನೋಡಿದಿರಿ. "ಇವರು ಕಾಯಿಲೆಯವರು. ಇವರನ್ನ ನಾನು ನೋಡಲ್ಲ" ಎಂದು ಬಕೆಟ್ಟು ಎತ್ತಿಕೊಂಡು ಹಸುವಿನ ಕಡೆ ಹೋದಿರಿ. ಹಾಲು ಕರೆಯುವ ಹೊತ್ತು ಅದಾಗಿರಲಿಲ್ಲ.

"ಜೆಂಗೆ, ಅಪ್ಪನ್ನ ಉಪವಾಸ ಕೆಡವಿಬಿಟ್ಯಲ್ಲ" ಎಂದ ಕುಬಾತ್. ಅವನಿಗೂ ನಗು ಬರಲಿಲ್ಲ. ನನಗೆ ನೆರವಾಗಲೆಂದು ತನ್ನ ಫೋನಿನಲ್ಲಿ ಮುಖ ಚೊಕ್ಕ ಮಾಡುವ ಯಾವುದೋ ಆ್ಯಪಿಗೆ ಚಿತ್ರ ಹಾಕಿದ. ಅದು ಅತಾಗೆ ಹೊಳೆಯುವ ಹಲ್ಲಿನ ಸಾಲು ಕೊಟ್ಟಿತು, ಸುಕ್ಕು ತೆಗೆಯಿತು. "ಅಯ್ಯೋ, ಇವನು ಯಾರೋ ಎಲೆಕ್ಷನ್ನಿಗೆ ನಿಂತವನು!" ಎಂದು ಕುಬಾತನೇ ಅಳಿಸಿಹಾಕಿದ. ನಿಮಗೆ ಅದನ್ನು ತೋರಿಸಲಿಲ್ಲ, ತಪ್ಪು ತಿಳಿಯಬೇಡಿ.

ಬಿಶ್ಕೆಕ್‌ಗೆ ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದೆ ಅಪಾ. ಮತ್ತೆ ಎಳೆದು ದಪ್ಪ ಮಾಡಿ ಕೊಟ್ಟರೆ ಯಾರಿಗೇನು ನಷ್ಟ? ಬಳೆ ದುಂಡಗಿರಲೇಬೇಕೆನ್ನುವ ಹಟ ಸತ್ಯದ ಮೇಲಿನ ಪ್ರೀತಿಯೋ, ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ತಿದ್ದುವ ಚಟವೋ? ನನಗೆ ಈಗಲೂ ಖಚಿತವಿಲ್ಲ. ಇನ್ನೊಂದು ಅಳುಕೂ ಇತ್ತು. ಸೊಸೆ ಮಾವನ ಮುಖವನ್ನು ನೇರ ನೋಡಬಾರದೆಂದು ನನ್ನ ತಾಯಿ ಕಲಿಸಿ ಕಳಿಸಿದ್ದರು, ನಿಮ್ಮ ಮನೆಯಲ್ಲಿ ಹಾಗೆಯೇ ನಡೆದುಕೊಂಡೆ. ಅವರ ಬೂಟು ಗೊತ್ತು, ಚಹಾಕ್ಕೆ ಚಾಚುವ ಕೈ ಗೊತ್ತು. ಬದುಕಿದ್ದಾಗ ನೋಡದ ಮುಖವನ್ನು ಈಗ ಕಂಪ್ಯೂಟರಿನಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ, ಕೆನ್ನೆಯನ್ನು ಚುಕ್ಕೆ ಚುಕ್ಕೆಯಾಗಿ ನೋಡುತ್ತಿದ್ದೆ. ಮೊದಮೊದಲು ತಲೆವಸ್ತ್ರ ಸರಿಮಾಡಿಕೊಂಡೇ ಕೂರುತ್ತಿದ್ದೆ ಎಂದರೆ ನೀವು ನಗುತ್ತೀರಿ.

ಹಾಗೆ ನೋಡುವಾಗ ತಿಳಿಯಿತು, ನಿಮ್ಮನ್ನು ಎಬ್ಬಿಸಿ ಕಳಿಸಿದ್ದು ಸಣಕಲುತನವಲ್ಲ. ಕಲೆ. ಕಲ್ಪಾಕ್ ಟೋಪಿಯ ನೆರಳು ಹಣೆಯಿಂದ ಕೆನ್ನೆಗೆ ಇಳಿಯುವಾಗ ಮೆಲ್ಲಗೆ ತಿಳಿಯಾಗಬೇಕಿತ್ತು. ಹಾಗಾಗದೆ ಕಂದು, ಬೂದು, ಹಸಿರುಬೂದು ಎಂದು ಮೆಟ್ಟಿಲು ಮೆಟ್ಟಿಲಾಗಿ ಒಡೆದು ನಿಂತಿತ್ತು. ಅದರ ಮೇಲೆ ಟಿವಿ ತಾನಾಗಿಯೇ ಎಲ್ಲ ಅಂಚನ್ನೂ ಚೂಪು ಮಾಡಿ ಕಣ್ಣಿನ ಕೆಳಗೆ ಹಳ್ಳ ತೋಡಿತ್ತು. ಹಾಸಿಗೆಯ ಮೇಲೆ ನೀವು ಕಂಡ ಕಲೆಗಳೇ ಅವು ಎನ್ನುವಂತೆ. ಎಳೆದ ಚಿತ್ರದಲ್ಲೂ ಅವು ಇದ್ದವು, ದಪ್ಪ ಕೆನ್ನೆಯಲ್ಲಿ ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಇದಕ್ಕೆ ಮದ್ದು ಹುಡುಕುತ್ತಾ ಇಂಗ್ಲಿಷಿನಲ್ಲಿ ಜಗಳವಾಡುವ ಜನರ ನಡುವೆ ಹೋಗಿ ಬಿದ್ದೆ. ಎಲ್ಲೆಲ್ಲಿನವರೋ, ಮುಖ ಕಾಣದವರು. ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವಾಗ ನಡುವೆ ಹುಟ್ಟುವ ಹೊಸ ಚುಕ್ಕೆಗಳಿಗೆ ಯಾವ ಬಣ್ಣ ಕೊಡಬೇಕು ಎಂಬ ಒಂದೇ ವಿಷಯಕ್ಕೆ ಕುರಿ ಹಂಚಿಕೊಳ್ಳುವ ದಾಯಾದಿಗಳ ಹಾಗೆ ಹೊಡೆದಾಡುತ್ತಾರೆ. ಅದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ನಾನು ಅತಿ ಚೂಪಿನದನ್ನೂ ಬಿಟ್ಟು, ಅತಿ ಮಸುಕಿನದನ್ನೂ ಬಿಟ್ಟು, ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಹಿತವಾಗಿ ಊಹಿಸುವ ಒಂದನ್ನು ಆರಿಸಿದೆ. ಟಿವಿಯ ಸ್ವಂತ ಜಾಣತನವನ್ನೆಲ್ಲ ನಿಲ್ಲಿಸಿಬಿಟ್ಟೆ. ಆದರೂ ಮೆಟ್ಟಿಲು ಹೋಗಲಿಲ್ಲ. ಅದಕ್ಕೆ ಬೇಕಾದದ್ದು ಬಣ್ಣದ ಅಂಚುಗಳಲ್ಲಿ ಸಣ್ಣ ಚುಕ್ಕೆಗಳನ್ನು ದೂಳಿನಂತೆ ಚೆಲ್ಲುವ ಡಿದರಿಂಗ್ ಎಂದು ಕೊನೆಗೆ ಒಬ್ಬ ಪುಣ್ಯಾತ್ಮ ಹೇಳಿದ.

ಆಶ್‌ಗೆ ಮೊದಲಿನ ದಿನ ಮಧ್ಯಾಹ್ನ ನಾನು ಟಿವಿಯ ಮುಂದೆ ತಂತಿ ಜೋಡಿಸುತ್ತಿದ್ದಾಗ ನೀವು ಬೇಕೆಂದೇ ಬೆನ್ನು ಹಾಕಿ ಕೂತು ಉಣ್ಣೆ ಬಿಡಿಸುತ್ತಿದ್ದಿರಿ. ಆಗ ನಡೆದ ಮಾತು ನನಗೆ ಪೂರ್ತಿ ನೆನಪಿದೆ.

"ಇನ್ನೂ ಏನು ಮಾಡ್ತಿದ್ದೀಯೇ ಅವರಿಗೆ? ಸತ್ತ ಮೇಲಾದ್ರೂ ನೆಮ್ಮದಿಯಾಗಿ ಬಿಡಬಾರ್ದಾ?"

"ಸ್ವಲ್ಪ ದೂಳು ಹಾಕ್ತಿದ್ದೀನಿ ಅಪಾ."

"ದೂಳಾ! ಒರೆಸೋದು ಬಿಟ್ಟು ದೂಳು ಹಾಕೋಳು ನೀನೊಬ್ಬಳೇ. ಇದನ್ನೇನಾ ಇಂಗ್ಲಿಷಲ್ಲಿ ಕಲಿಸಿದ್ದು?"

"ಬಿಳಿ ಉಣ್ಣೆ, ಕರಿ ಉಣ್ಣೆ ಎರಡೇ ಇದೆ ಅಂತಿಟ್ಕೊಳ್ಳಿ. ಬೂದು ಬೇಕು. ಏನು ಮಾಡ್ತೀರಿ?"

"ಎರಡನ್ನೂ ಸೇರಿಸಿ ಬಾಚ್ತೀನಿ. ಅದೇನು ಕೇಳೋ ಮಾತಾ?"

"ಹತ್ರದಿಂದ ನೋಡಿದ್ರೆ ಕರಿ ಎಳೆ, ಬಿಳಿ ಎಳೆ. ದೂರಕ್ಕೆ ಬೂದು. ಈ ಟಿವಿ ಬಾಚಲ್ಲ. ಕರಿ ಒಂದು ಪಟ್ಟಿ, ಬಿಳಿ ಒಂದು ಪಟ್ಟಿ ಹಾಸಿಬಿಡುತ್ತೆ. ಅದೇ ಆ ಕಲೆ. ನಾನು ಪಟ್ಟಿಯ ಅಂಚಲ್ಲಿ ಬಾಚ್ತಿದ್ದೀನಿ, ಅಷ್ಟೇ."

ನೀವು ಕೈಯಲ್ಲಿದ್ದ ಉಣ್ಣೆಯನ್ನು ನೋಡಿದಿರಿ. "ಹಾಗಾದ್ರೆ ಕಾಯಿಲೆ ಕಲೆ ಅಲ್ಲ ಅಂತೀಯ?"

"ಅಲ್ಲ ಅಪಾ. ಆ ಬೇಸಿಗೇಲಿ ಅವರಿಗೆ ಕಾಯಿಲೆ ಎಲ್ಲಿತ್ತು?"

"ಎಲ್ಲಿತ್ತು" ಎಂದಿರಿ, ನನ್ನ ಮಾತನ್ನೇ. ಆದರೆ ತಿರುಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಚಿತ್ರವನ್ನು ನಡೆಯಲು ಬಿಟ್ಟು ಸಮೋವಾರಿಗೆ ನೀರು ತುಂಬಲು ಹೋದೆ. ನೀವು ಒಬ್ಬರೇ ಇರುವುದು ವಾಸಿ ಅನ್ನಿಸಿತು. ಬಾಗಿಲ ಸಂದಿಯಿಂದ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಕಾಶದ ನೀಲಿ ಬೆಟ್ಟದ ಮೇಲೆ ಒಂದೇ ಹಾಸಾಗಿ ಇಳಿದಿತ್ತು. ಅತಾ ಬಗ್ಗಿ ಒಳಗೆ ಬಂದರು. ಕಲ್ಪಾಕಿನ ನೆರಳು ಹಣೆಯಿಂದ ಜಾರಿ ಕೆನ್ನೆಯ ಬಿಸಿಲಿಗೆ ಎಲ್ಲಿ ಸೇರಿತು ಎಂದು ಹೇಳಲಾಗುತ್ತಿರಲಿಲ್ಲ. ಗಾಳಿಬಿಸಿಲಿಗೆ ತಾಮ್ರವಾದ, ಸಣ್ಣನೆಯ, ಗಟ್ಟಿ ಮುಖ. ಕುದುರೆಯಿಂದ ಈಗಷ್ಟೇ ಇಳಿದವರ ಮುಖ. ನೀವು ಮೊದಲು ಭುಜ ತಿರುಗಿಸಿದಿರಿ. ಆಮೇಲೆ ಕತ್ತು. ಆಮೇಲೆ ಉಣ್ಣೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಪೂರ್ತಿ ತಿರುಗಿ ಕೂತಿರಿ. ಚಿತ್ರ ಮುಗಿದು ಪರದೆ ಕಪ್ಪಾದಾಗ, "ಜಿಪಾರ್! ಇನ್ನೊಂದ್ಸಲ ಹಾಕು. ನೀರು ಆಮೇಲೆ ತುಂಬಿದ್ರಾಯ್ತು" ಎಂದು ಕೂಗಿದಿರಿ.

ಆಶ್ ಊಟದ ದಿನ ಮನೆ ತುಂಬ ಜನ. ಅತಾ ಕ್ಯಾಮೆರಾದ ಪಕ್ಕಕ್ಕೆ ನೋಡಿ ನಗುವಲ್ಲಿಗೆ ಬಂದಾಗ ಯಾರೋ ಕೇಳಿದರು, ಅವರು ಯಾರನ್ನು ನೋಡುತ್ತಿದ್ದಾರೆ ಎಂದು. "ನನ್ನನ್ನ. ಕುಮಿಸ್ ಕೊಡು ಅಂತಿದ್ರು. ಬೀಗರಿಗೆ ಮೊದಲು, ನಿಮಗೆ ಆಮೇಲೆ ಅಂದೆ. ಅದಕ್ಕೇ ನಗ್ತಿದ್ದಾರೆ" ಎಂದಿರಿ. ಇಷ್ಟು ವರ್ಷ ಯಾರಿಗೂ ಗೊತ್ತಿರದ ವಿಷಯ. ನಿಮಗೇ ಮರೆತುಹೋಗಿತ್ತೇನೋ. ಬುರುಲ್ ಎಜೆಯ ಕಣ್ಣಲ್ಲೂ ನೀರು ಬಂತು, ಆದರೂ ಅವರು ಅವರೇ: "ನೋಡಿ, ಆಗ್ಲೇ ಕುಡಿಯೋಕೆ ಕೊಡ್ತಿರಲಿಲ್ಲ!" ಎಲ್ಲರೂ ನಕ್ಕರು. ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿರಿ.

ನನ್ನಿಂದ ಹೇಳಲಾಗದೆ ಉಳಿದದ್ದು ಇಷ್ಟು. ಆ ಮುಖವನ್ನು ನಾನು ಮಾಡಿಕೊಟ್ಟೆ ಎಂದು ನೀವು ನೆಂಟರಿಗೆಲ್ಲ ಹೇಳುತ್ತಿದ್ದಿರಿ. ನಾನು ಮಾಡಲಿಲ್ಲ ಅಪಾ. ಟೇಪಿನಲ್ಲಿ ಇಲ್ಲದ ಒಂದು ಗೆರೆಯನ್ನೂ ನಾನು ಎಳೆದಿಲ್ಲ, ಎಳೆಯಲು ಧೈರ್ಯವೂ ಇಲ್ಲ. ಚೂರಾಗಿದ್ದ ಬಣ್ಣಗಳ ನಡುವೆ ಇಷ್ಟು ದೂಳು ಚೆಲ್ಲಿದೆ. ಆ ಚೂರುಗಳನ್ನು ಮುಖವಾಗಿ ಕಂಡದ್ದು ನಿಮ್ಮ ಕಣ್ಣು. ಸಣ್ಣಗಿದ್ದ ಅವರನ್ನು ಸಣ್ಣಗೆಯೇ ನೀವು ಒಪ್ಪದೆ ಹೋಗಿದ್ದರೆ ನಾನು ಎಳೆದು ಕೊಡುತ್ತಿದ್ದೆನೋ ಏನೋ. ಕೊಡಬೇಕಾಗಿ ಬರಲಿಲ್ಲ ಎನ್ನುವುದಕ್ಕೆ ಎಷ್ಟು ಹಗುರವಾಗಿದ್ದೇನೆ ಎಂದು ನಿಮಗೆ ತಿಳಿಯಲಿ ಎಂದೇ ಬರೆದೆ.

ನಾವು ಹೊರಡುವ ಬೆಳಿಗ್ಗೆ ಕುಬಾತ್ ವಾರ್ತೆ ನೋಡಲು ಕೂತವನು, ನಿಮಗಾಗಿ ಅತಾ ಅವರ ಚಿತ್ರ ಹಾಕಿ, ಅಭ್ಯಾಸಬಲದಿಂದ ರಿಮೋಟಿನ ಗುಂಡಿ ಒತ್ತಿ ಪರದೆ ತುಂಬಿಸಿದ. ನಾನು ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನಿಮ್ಮ ದನಿ ಬಂತು: "ಏಯ್, ಬಿಡೋ! ಅವರನ್ನ ಯಾಕೆ ಎಳೀತೀಯ? ನಿಮ್ಮಪ್ಪ ಇದ್ದಿದ್ದೇ ಅಷ್ಟು!"

ಬೂಟಿನ ದಾರ ಕಟ್ಟುತ್ತಾ ನಾನು ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದೆ.

ನಿಮ್ಮ ಮಂಡಿನೋವು ಈ ಚಳಿಗಾಲದಲ್ಲಿ ನಿಮ್ಮನ್ನು ಮರೆತಿರಲಿ, ಹಸು ಸುಖವಾಗಿ ಕರು ಹಾಕಲಿ, ನೀವು ಕರೆದಾಗಲೆಲ್ಲ ಆ ಮುಖ ಬರುತ್ತಿರಲಿ. ಕೈಯೆತ್ತಿ ನನಗೂ ಒಂದು ಹರಕೆ ಹರಸಿ, ಅಪಾ.

ನಿಮ್ಮ ಸೊಸೆ,
ಜಿಪಾರ್