ಕರಿಬೇವಿನ ಬುಡಕ್ಕೆ ಹೋದ ಹಾಲು

ಅತ್ತಿ,

ನಿಮಗೆ ಹೇಳುವಷ್ಟು ದೊಡ್ಡವಳು ನಾನಲ್ಲ, ತಪ್ಪು ತಿಳಿಯಬೇಡಿ. ಮುಖ ನೋಡಿ ಹೇಳಲು ಧೈರ್ಯ ಸಾಲದೆ ಬರೆದಿಟ್ಟು ಫ್ಯಾಕ್ಟರಿ ಡ್ಯೂಟಿಗೆ ಹೋಗುತ್ತಿದ್ದೇನೆ.

ನಿನ್ನೆ ನಾನು ಸ್ಟೀಲ್ ಕಪ್ಪಿನಲ್ಲಿ ಹಿಂಡಿಟ್ಟು ಹೋದ ಎದೆಹಾಲನ್ನು ಕರಿಬೇವಿನ ಬುಡಕ್ಕೆ ಸುರಿದಿರಿ. "ಹಿಂಡಿದ ಹಾಲು ಯಾರೂ ತುಳೀಬಾರದವ್ವಾ, ಅದಕ್ಕ ಗಿಡಕ್ಕ ಹಾಕೀನಿ" ಎಂದಿರಿ. ಎದೆ ಕಟ್ಟಿದಾಗ ಹಿಂಡಿ ಚೆಲ್ಲುವ ಹಾಲಿಗೆ ಅದು ಸರಿ. ಇದು ಕೂಸಿಗೆಂದೇ ಹಿಂಡಿದ್ದು. ಮುಚ್ಚಿಟ್ಟರೆ ನಾಲ್ಕು ತಾಸು ಕೆಡುವುದಿಲ್ಲ, ಅಂಗನವಾಡಿ ಟೀಚರನ್ನು ಎರಡು ಸಲ ಕೇಳಿದ್ದೇನೆ.

ಇವತ್ತಿನದು ಓನರ್ ಜಯಮ್ಮನವರ ಫ್ರಿಜ್ಜಿನಲ್ಲಿದೆ. "ಇಡಮ್ಮ, ಅದಕ್ಕೇನ್ ಬಾಡಿಗೆ ಜಾಸ್ತಿ ಮಾಡಲ್ಲ" ಎಂದು ನಕ್ಕರು. ಕಪ್ಪನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕಾಯಿಸಬೇಡಿ. ಚಮಚದಲ್ಲಿ ಕುಡಿಸಿ.

"ಡಬ್ಬಿ ಹಾಲಿನ ಕೂಸು ಹೆಂಗ ಗುಂಡಗ ಅದ ನೋಡು" ಎಂದು ಪಕ್ಕದ ಮನೆ ಮಗುವನ್ನು ಇನ್ನು ತೋರಿಸಬೇಡಿ. ಡಬ್ಬಿಗಳಿಗೇ ತಿಂಗಳಿಗೆ ಈ ರೂಮಿನ ಬಾಡಿಗೆಯಷ್ಟು ಬೇಕು, ಬಾಟಲಿ ಕುದಿಸುವ ಗ್ಯಾಸ್ ಬೇರೆ. ನನ್ನ ಹಾಲೂ ಪುಕ್ಕಟೆಯಲ್ಲ. ರಾತ್ರಿ ನಾನು ಒಂದು ರೊಟ್ಟಿ ಹೆಚ್ಚು ತಿಂದರೆ ಹುಬ್ಬೇರಿಸಬೇಡಿ.

ಇದು ಸಾಲದೆ ಕೂಸು ಅತ್ತರೆ ಮಾತ್ರ ಮನೆಯಲ್ಲಿರುವ ಡಬ್ಬಿ ಹಾಲು ಕೊಡಿ. ಉಳಿಸಬೇಕೆಂದು ನೀರು ಹೆಚ್ಚು ಹಾಕಬೇಡಿ, ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ. ಆದರೆ ದಿನವೂ ಅದೇ ರೂಢಿಯಾದರೆ ನನ್ನ ಹಾಲು ಬತ್ತಿಹೋಗುತ್ತದೆ.

ಹಾಗಾಗಲು ನಾನು ಬಿಡುವುದಿಲ್ಲ. ಊಟದ ಹೊತ್ತಿನಲ್ಲಿ ಹಿಂಡಿಕೊಳ್ಳಲು ಒಂದು ಮರೆಯ ಜಾಗ ಕೊಡಿ ಎಂದು ಸೂಪರ್‌ವೈಸರನ್ನು ಇವತ್ತು ಕೇಳಿಯೇ ಕೇಳುತ್ತೇನೆ. ಅವರು ಕೊಡದಿದ್ದರೆ ಹಾಲು ಎಷ್ಟು ದಿನ ಬರುತ್ತದೋ, ಅದು ಮಾತ್ರ ನನಗೆ ಗೊತ್ತಿಲ್ಲ.

ಮಹಾನಂದಾ